ಮೇಷ್ಟ್ರ ದ್ವೀಪ

೩ ಮಾರ್ಚ್

ತಂಗೀ,

ಅಕ್ಕ ಮುಟ್ಟಿದಳೋ ಮುಳುಗಿದಳೋ ಎಂದು ನೀನು ದಾರಿ ಕಾಯುತ್ತಿರುತ್ತೀಯ. ಮುಟ್ಟಿದೆ. ಹೊಟ್ಟೆಯೊಳಗಿದ್ದದ್ದನ್ನೆಲ್ಲ ದಾರಿಯಲ್ಲೇ ಸಮುದ್ರಕ್ಕೆ ಒಪ್ಪಿಸಿದ್ದರಿಂದ ಬಹಳ ಹಗುರವಾಗಿ ಬಂದು ಮುಟ್ಟಿದೆ.

ಈ ದ್ವೀಪ ಅಂದುಕೊಂಡದ್ದಕ್ಕಿಂತ ಚಿಕ್ಕದು. ಬೆಳಿಗ್ಗೆ ಚಹಾದ ಲೋಟ ಹಿಡಿದು ಸುತ್ತಲು ಹೊರಟರೆ ಚಹಾ ಆರುವುದರೊಳಗೆ ಹೊರಟ ಜಾಗಕ್ಕೇ ಬಂದಿರುತ್ತೇನೆ. ಹವಾಮಾನ ಕಚೇರಿ, ಅದರ ಬೆನ್ನಿಗೆ ನನ್ನ ಕೋಣೆ, ಒಂದು ಜನರೇಟರ್ ಶೆಡ್ಡು, ಉಳಿದದ್ದೆಲ್ಲ ಹುಲ್ಲು ಮತ್ತು ಹಕ್ಕಿ. ಮನುಷ್ಯರು ನಾವಿಬ್ಬರೇ: ನಾನು, ಮತ್ತು ಜನರೇಟರ್ ನೋಡಿಕೊಳ್ಳುವ ಅಜ್ಜ. ಅವರು ಮಾತನ್ನು ಡೀಸೆಲ್ ಥರ ಅಳೆದು ಖರ್ಚು ಮಾಡುತ್ತಾರೆ.

ಎದ್ದ ಕೂಡಲೇ ಬಲೂನು ಬಿಡುವುದು ನನ್ನ ಮೊದಲ ಕೆಲಸ. ನನ್ನಷ್ಟೇ ಎತ್ತರದ ಬಿಳಿ ಬಲೂನು, ಅದರ ಬಾಲಕ್ಕೆ ಗಾಳಿ ಅಳೆಯುವ ಪುಟ್ಟ ಪೆಟ್ಟಿಗೆ. ಕೈ ಬಿಟ್ಟರೆ ಸದ್ದೇ ಇಲ್ಲದೆ ಏರುತ್ತದೆ. ಚುಕ್ಕಿಯಾಗುವವರೆಗೂ ಕತ್ತೆತ್ತಿ ನೋಡುತ್ತಾ ನಿಲ್ಲುತ್ತೇನೆ. ನಿಲ್ಲಬೇಕೆಂದು ನಿಯಮವೇನೂ ಇಲ್ಲ, ನಿಂತುಬಿಡುತ್ತೇನೆ ಅಷ್ಟೆ. ಆಮೇಲೆ ದಿನವಿಡೀ ಮೋಡ ಓದುವುದು, ಸಂಜೆ ರೇಡಿಯೋದಲ್ಲಿ ದಡದ ಕಚೇರಿಗೆ ಅಂಕಿಗಳನ್ನು ಹೇಳುವುದು. ಆ ರೇಡಿಯೋದಲ್ಲಿ ಮನೆಮಾತು ಆಡುವಂತಿಲ್ಲ. ಫೋನಿಲ್ಲ. ವಾರಕ್ಕೊಮ್ಮೆ ಸಾಮಾನಿನ ದೋಣಿ, ಅದೂ ಸಮುದ್ರದ ಮರ್ಜಿ. ಹಾಗಾಗಿ ಕಾಗದ ಬರಿ. ಉದ್ದುದ್ದ ಬರಿ.

ನಮ್ಮ ಮೇಷ್ಟ್ರು ಹೇಗಿದ್ದಾರೆ? ನಾಯಿಗೆ ಮೇಷ್ಟ್ರು ಅಂತ ಯಾರಾದರೂ ಹೆಸರಿಡುತ್ತಾರಾ ಎಂದು ನಿಮ್ಮವರು ಅವತ್ತು ನಕ್ಕರಲ್ಲ, ಆ ನೆರೆತ ಹುಬ್ಬು, ಆ ಗಂಭೀರ ಮುಖ ನೋಡಿ ಇನ್ನೇನೆಂದು ಕರೆಯಲಿ, ನೀನೇ ಹೇಳು. ಕರೆತರೋಣವೆಂದರೆ ಇಲ್ಲಿನ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ, ನಾಯಿಗೆ ಪ್ರವೇಶವಿಲ್ಲ. ನಾನು ಹಗ್ಗವನ್ನು ನಿನ್ನ ಕೈಗಿಟ್ಟು "ಒಂದೇ ವರ್ಷ ಕಣೇ" ಅಂದಾಗ ನೀನು "ಆಗಲಿ" ಅಂದೆ. ಆ ಒಂದು ಮಾತಿನ ಮೇಲೆ ನಿಶ್ಚಿಂತೆಯಾಗಿ ದೋಣಿ ಹತ್ತಿದೆ. ಚಿಕ್ಕಂದಿನಿಂದಲೂ ನೀನು ಯಾವುದಕ್ಕೂ ಬೇಡ ಅಂದವಳಲ್ಲ.

ನಿನ್ನ ಮಗಳಿಗೆ, ನನ್ನ ತುಂತುರುವಿಗೆ, ಎರಡೂ ಕೆನ್ನೆಗೆ ಮುತ್ತು. ಇಲ್ಲಿ ತುಂತುರು ಮಳೆ ಬಂದಾಗಲೆಲ್ಲ ಹವಾಮಾನದ ಪುಸ್ತಕದಲ್ಲಿ ಆ ಪದ ಬರೆದು ಒಬ್ಬಳೇ ನಗುತ್ತೇನೆ.

ಗಾಳಿ ಹದವಾಗಿದೆ,
ಅಕ್ಕ


೧೬ ಮಾರ್ಚ್

ಅಕ್ಕಾ,

ನಾವೆಲ್ಲ ಕ್ಷೇಮ, ನನ್ನ ಎಡಗಾಲಿನ ಚಪ್ಪಲಿಯೊಂದನ್ನು ಬಿಟ್ಟು. ಅದನ್ನು ಮೇಷ್ಟ್ರು ತಿದ್ದಿ ವಾಪಸ್ ಕೊಟ್ಟಿದ್ದಾರೆ.

ತುಂತುರು ಕೊನೆಗೂ ನಡೆಯಲು ಕಲಿತಳು! ಮಾತು ಮೊದಲು ಬಂತು, ಕಾಲು ಆಮೇಲೆ. ನಡೆಯುವುದು ಅಂದರೆ ಬೀಳುವುದನ್ನು ಮುಂದೂಡುತ್ತಾ ಓಡುವುದು. ಮೆಟ್ಟಿಲ ತುದಿಯಿಂದ ಅಡುಗೆಮನೆವರೆಗೆ ಇರುವ ನಡುಮನೆ ನಿನಗೆ ಗೊತ್ತಲ್ಲ, ಅದೇ ಅವಳ ಹೆದ್ದಾರಿ. ಮೇಷ್ಟ್ರು ಮಲಗುವುದೂ ಅಲ್ಲೇ, ಸರಿಯಾಗಿ ನಡುಮಧ್ಯೆ. ಇವರು ಕೆಳಗೆ ಅಂಗಡಿಯಲ್ಲಿ ಚೌಕಟ್ಟು ಬಡಿಯುತ್ತಿರುತ್ತಾರೆ. ನಾನು ಅಡುಗೆಮನೆ ಮೇಜಿನ ಮೇಲೆ ಚಿತ್ರಗಳಿಗೆ ರಟ್ಟಿನ ಅಂಚು ಕತ್ತರಿಸುತ್ತಿರುತ್ತೇನೆ. ಕೈಯಲ್ಲಿ ಹರಿತವಾದ ಚಾಕು. ಒಂದು ಕಣ್ಣು ಚಾಕುವಿನ ಮೇಲೆ, ಒಂದು ಕಣ್ಣು ಮಗುವಿನ ಮೇಲೆ. ನನಗೆ ಮೆಳ್ಳೆಗಣ್ಣು ಬಾರದಿದ್ದರೆ ಸಾಕು.

ಒಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮೊನ್ನೆ ತುಂತುರು ಎಡವಿ ಮೇಷ್ಟ್ರ ಸೊಂಟದ ಮೇಲೆ ಬಿದ್ದಳು. ಅವರು ಗುರ್ರ್ ಎಂದರು. ಅಷ್ಟು ಹೊತ್ತೂ ಗಂಭೀರವಾಗಿದ್ದ ಆ ಮುಖದಿಂದ ಅಂಥ ದನಿ ಬರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಇವರು ಸುತ್ತಿಗೆ ಹಿಡಿದುಕೊಂಡೇ ಮೇಲೆ ಓಡಿ ಬಂದರು.

"ಮಗೂಗೆ ಗುರುಗುಟ್ಟೋ ನಾಯಿ ಈ ಮನೇಲಿ ಬೇಡ," ಅಂದರು. "ಮರದ ಡಿಪೋದವರು ಕಾವಲಿಗೆ ಒಂದು ನಾಯಿ ಬೇಕು ಅಂತಿದ್ರು. ಕೊಟ್ಬಿಡೋಣ."

ಡಿಪೋದ ನಾಯಿಗಳನ್ನು ನೀನೂ ನೋಡಿದ್ದೀಯ. ಹಗಲೂ ಇರುಳೂ ಸರಪಳಿ. ನಾನು ಬೇಡಿಕೊಂಡೆ. ಕಡೆಗೆ ಒಂದು ಒಪ್ಪಂದವಾಯಿತು: ಗುರ್ ಅನ್ನುವುದನ್ನು ಬಿಡಿಸುವುದು. ಇವರು ಹಳೆಯ ಪೇಪರ್ ಸುತ್ತಿ ಇಟ್ಟುಕೊಂಡಿದ್ದಾರೆ. ಗುರ್ ಎಂದಾಗಲೆಲ್ಲ ಮೇಷ್ಟ್ರ ಮೂಗಿನ ಮುಂದೆ ನೆಲಕ್ಕೆ ಫಟಾರ್ ಎಂದು ಒಂದೇಟು, ಜೊತೆಗೆ ನಾನು ಗದರುವುದು. ಮೇಷ್ಟ್ರಿಗೇ ಪಾಠ. ನೀನು ಚಿಂತೆ ಮಾಡಬೇಡ, ಹೇಗೋ ಸಂಭಾಳಿಸುತ್ತೇನೆ.

ನಿನ್ನ,
ತಂಗಿ


೭ ಏಪ್ರಿಲ್

ಅಕ್ಕಾ,

ಮಂಜು ಕವಿದು ದೋಣಿ ಹೊರಟಿಲ್ಲವಂತೆ. ನನ್ನ ಹಿಂದಿನ ಕಾಗದವೂ ಬಂದರಿನ ಚೀಲದಲ್ಲೇ ಕೂತಿದೆಯಂತೆ. ಒಳ್ಳೆಯದೇ ಆಯಿತು, ಆ ಗೋಳಿನ ಜೊತೆಗೇ ಈ ಸಿಹಿಸುದ್ದಿಯೂ ನಿನಗೆ ಸಿಗುತ್ತದೆ.

ಮೇಷ್ಟ್ರು ಬದಲಾಗಿದ್ದಾರೆ! ಗುರ್ ಎನ್ನುವುದು ಪೂರ್ತಿ ನಿಂತಿದೆ. ಅಪ್ಪಟ ಬಂಗಾರ. ತುಂತುರು ಕಿವಿ ಹಿಡಿದರೂ ಸುಮ್ಮನೆ, ಬಾಲ ಹಿಡಿದರೂ ಸುಮ್ಮನೆ. ಈಗ ಅವಳಿಗೆ ಅವರೇ ದಿಂಬು. ಮಧ್ಯಾಹ್ನದ ಬಿಸಿಲು ನಡುಮನೆಯ ಕಿಟಕಿಯಿಂದ ಓರೆಯಾಗಿ ಇಳಿಯುತ್ತದೆ. ಧೂಳಿನ ಕಣಗಳು ನಿಧಾನವಾಗಿ ತೇಲುತ್ತಿರುತ್ತವೆ. ಆ ಬೆಳಕಿನಲ್ಲಿ ಅವಳು ಅವರ ಹೊಟ್ಟೆಯ ಮೇಲೆ ತಲೆಯಿಟ್ಟು ಏನೋ ಹಾಡಿಕೊಳ್ಳುತ್ತಾ ನಿದ್ದೆಹೋಗುತ್ತಾಳೆ. ನೋಡುತ್ತಾ ನಿಂತರೆ ನಾನೇ ಯಾವುದೋ ನಿದ್ದೆಯೊಳಗೆ ನಿಂತ ಹಾಗಾಗುತ್ತದೆ.

ಮೇಷ್ಟ್ರ ನಾಚಿಕೆ ನೋಡಬೇಕು ನೀನು! ಅವಳು ಹತ್ತಿರ ಬಂದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ. ಆಮೇಲೆ ಕಣ್ಣಂಚಿನ ಬಿಳಿ ಕಾಣುವ ಹಾಗೆ ಓರೆಗಣ್ಣಿನಲ್ಲಿ ನೋಡುತ್ತಾರೆ. ಅವಳು ತಬ್ಬಿಕೊಂಡರೆ ಉದ್ದಕ್ಕೆ ಆಕಳಿಸುತ್ತಾರೆ, ಮುದ್ದು ಹೆಚ್ಚಾಗಿ ನಿದ್ದೆ ಬರುತ್ತದೋ ಏನೋ. ಏನೂ ತಿನ್ನದೆಯೇ ತುಟಿ ನೆಕ್ಕಿಕೊಳ್ಳುತ್ತಾರೆ. ಅವಳು ಮೈಮೇಲೆ ಇರುವಷ್ಟು ಹೊತ್ತೂ ಅಲ್ಲಾಡುವುದಿಲ್ಲ, ಕಲ್ಲಿನ ಬೊಂಬೆಯ ಹಾಗೆ. ಉಸಿರನ್ನೂ ಹಿಡಿದಿರುತ್ತಾರೆ ಅನಿಸುತ್ತದೆ, ಮಗುವಿಗೆ ಎಚ್ಚರವಾದೀತೆಂದು.

ಇವರಿಗೂ ಸಮಾಧಾನ. ಡಿಪೋದ ಮಾತು ಎತ್ತುತ್ತಿಲ್ಲ. ಈಗ ನಾನು ಮಗುವನ್ನು ಮೇಷ್ಟ್ರ ಹತ್ತಿರ ಬಿಟ್ಟು ಬಾಗಿಲು ಮುಂದಕ್ಕೆಳೆದುಕೊಂಡು ನಿರಾಳವಾಗಿ ರಟ್ಟು ಕತ್ತರಿಸುತ್ತೇನೆ. ಇನ್ನೆರಡು ಕೈ ಬಂದಷ್ಟು ಅನುಕೂಲ. ನೀನು ಹಗ್ಗ ಕೈಗಿಟ್ಟಾಗ ಒಳಗೊಳಗೇ ಸ್ವಲ್ಪ ಅಳುಕಿದ್ದು ನಿಜ. ಈಗ ಇಲ್ಲ.

ನಿನ್ನ,
ತಂಗಿ


೧೯ ಏಪ್ರಿಲ್

ತಂಗೀ,

ಇವತ್ತು ಮಧ್ಯಾಹ್ನ ಮಂಜು ಸೀಳಿಕೊಂಡು ದೋಣಿ ಬಂತು. ಸಾಮಾನು ಇಳಿಸಿ, ಮತ್ತೆ ಮಂಜು ಕವಿಯುವುದರೊಳಗೆ ಹೋಗಬೇಕೆಂದು ನಿಂತ ಕಾಲಲ್ಲೇ ಹೊರಟೂಬಿಟ್ಟಿತು. ನಾನು ಅಕ್ಕಿಚೀಲದ ಮೇಲೆ ಕೂತು ನಿನ್ನ ಎರಡೂ ಕಾಗದ ಓದಿ ಮುಗಿಸಿ ತಲೆಯೆತ್ತುವಾಗ ದೋಣಿ ಇರಲಿಲ್ಲ.

ಈ ಕಾಗದ ಮುಂದಿನ ದೋಣಿಯವರೆಗೆ ಇಲ್ಲೇ ಇರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ಕೈ ಸುಮ್ಮನಿರಲೊಲ್ಲದು.

ಅದು ನಾಚಿಕೆಯಲ್ಲ ಕಣೇ. ಮುಖ ತಿರುಗಿಸುವುದು, ಆಕಳಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ, ಕಲ್ಲಿನ ಹಾಗೆ ಬಿಗಿಯುವುದು, ಇವೆಲ್ಲ ಒಂದೇ ಮಾತನ್ನು ಹೇಳುತ್ತಿವೆ: ಸಾಕು, ಸ್ವಲ್ಪ ದೂರ ಹೋಗು. ಮೊದಲು ಮೆಲ್ಲಗೆ ಹೇಳುತ್ತವೆ. ಯಾರೂ ಕೇಳದಿದ್ದರೆ ಜೋರಾಗಿ ಹೇಳುವುದು ಗುರ್. ಅದನ್ನೂ ನಾವು ಕಿತ್ತುಕೊಂಡರೆ ಇನ್ನು ಉಳಿಯುವುದು ಹಲ್ಲೊಂದೇ. ಅದು ಹೇಳಿ ಕೇಳಿ ಬರುವುದಿಲ್ಲ. ಕುಕ್ಕರಿನ ಸೀಟಿ ಕಿವಿಗೆ ಕಿರಿಕಿರಿ ಎಂದು ಅದರ ಬಾಯಿಗೆ ಬಟ್ಟೆ ತುರುಕುತ್ತೀಯಾ? ಗುರ್ ನಿಂತಿದ್ದಕ್ಕೆ ನೀನು ಖುಷಿಪಟ್ಟಿದ್ದೀಯ. ನಾನು ಹೆದರಿದ್ದು ಆ ಸಾಲಿಗೇ.

ಮೇಷ್ಟ್ರು ಕೆಟ್ಟವರಲ್ಲ. ಒಳ್ಳೆಯ ನಾಯಿಯೂ ಕಚ್ಚಬಹುದು, ಅದೇ ನನ್ನ ಭಯ. ಒಂದೇ ಕ್ಷಣ ಸಾಕು. ಆ ಕ್ಷಣ ತುಂತುರುವಿನ ಮುಖ ಅವರ ಮುಖದ ಹತ್ತಿರ ಇರುತ್ತದೆ.

ಹಾಗಾಗಿ ಇವತ್ತು ಸಂಜೆ ನಿಯಮ ಮುರಿದೆ. ಗಾಳಿ, ಒತ್ತಡ, ಮೋಡ ಎಲ್ಲ ಓದಿ ಹೇಳಿದ ಮೇಲೆ ದಡದ ರೇಡಿಯೋದವರಿಗೆ ನಿನ್ನ ವಿಳಾಸ ಕೊಟ್ಟು ನಾಲ್ಕು ಸಾಲು ಹೇಳಿದೆ. ಅವರು, "ಇದನ್ನ ಯಾವ ಕಾಲಂನಲ್ಲಿ ಬರ್ಕೊಳ್ಲಿ?" ಎಂದು ಕೇಳಿದರು. "ಬಿರುಗಾಳಿ ಮುನ್ಸೂಚನೆ ಅಂತ ಬರ್ಕೊಳಿ ಸಾರ್," ಅಂದೆ. ಬರೆದುಕೊಂಡರು. ತಲುಪಿಸುತ್ತಾರೋ ಇಲ್ಲವೋ ಗೊತ್ತಿಲ್ಲ.

ಬೆಳಿಗ್ಗೆ ಬಿಟ್ಟ ಬಲೂನು ಇಷ್ಟು ಹೊತ್ತಿಗೆ ನಿನ್ನ ಮನೆಯ ಮೇಲೆ ಹಾದು ಹೋಗಿರಬಹುದು. ಅದಕ್ಕೆ ನೋಡುವ ಕಣ್ಣಿದೆ, ಕೂಗುವ ಬಾಯಿಲ್ಲ.

ಅಕ್ಕ


೨೦ ಏಪ್ರಿಲ್

ಅಕ್ಕಾ,

ಇವತ್ತು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ನಾನು ಅಡುಗೆಮನೆಯಲ್ಲಿದ್ದೆ. ತುಂತುರು ನಡುಮನೆಯಲ್ಲಿ, ನಿನ್ನ ನಾಯಿಯ ಜೊತೆ. ಮಗುವನ್ನು ದಾಟಿಕೊಂಡೇ ಹೋಗಿ ಬಾಗಿಲು ತೆಗೆದೆ. ಸೈಕಲ್ ಕ್ಲಿಪ್ಪು ಹಾಕಿದ ಪ್ಯಾಂಟಿನ, ಕನ್ನಡಕದ ಒಬ್ಬರು ನಿಂತಿದ್ದರು. ಕೈಯಲ್ಲಿ ಕಚೇರಿಯ ಕಾಗದ. ದ್ವೀಪದಿಂದ ಎಂದರು. ನಿನಗೇ ಏನೋ ಆಯಿತೆಂದುಕೊಂಡೆ.

ಅವರು ಗಂಟಲು ಸರಿಮಾಡಿಕೊಂಡು ಓದಿದರು. "ಬಿರುಗಾಳಿ ಮುನ್ಸೂಚನೆ. ನಾಯಿ ಗುರ್ ಎಂದರೆ ಬೈಯಬಾರದು. ಮಗುವನ್ನೂ ನಾಯಿಯನ್ನೂ ಒಂದು ಕ್ಷಣವೂ ಅವರಷ್ಟಕ್ಕೇ ಬಿಡಬಾರದು. ನಡುವೆ ಅಡ್ಡಗಟ್ಟು ಹಾಕಿ. ನಾಯಿ ಮುಖ ತಿರುಗಿಸಿದರೆ, ಆಕಳಿಸಿದರೆ, ಕಲ್ಲಿನಂತೆ ಬಿಗಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಗಾಳಿ ನೈರುತ್ಯ." ಆಮೇಲೆ, "ಕೊನೇದು ನಿಮಗಲ್ಲ ಅನ್ಸುತ್ತೆ," ಅಂದರು.

ನಗು ಬರಬೇಕಿತ್ತು. ಆದರೆ ನಾನು ಆಗಲೇ ತಿರುಗಿ ನೋಡಿದ್ದೆ.

ಅದೇ ಬಿಸಿಲು, ಅದೇ ಧೂಳಿನ ಕಣಗಳು. ತುಂತುರು ಅವರ ಸೊಂಟದ ಮೇಲೆ ಮೊಣಕಾಲೂರಿ, ಎರಡೂ ಕೈಯಲ್ಲಿ ಮುಖ ಹಿಡಿದು, ಮೂಗಿಗೆ ಮೂಗು ತಾಗಿಸಲು ಬಗ್ಗುತ್ತಿದ್ದಳು. ಮೇಷ್ಟ್ರು ಕಲ್ಲಾಗಿದ್ದರು. ಕಣ್ಣಿನ ಬಿಳಿ ಹೊಳೆಯುತ್ತಿತ್ತು. ತುಟಿಯ ಒಂದು ಮೂಲೆ ಮೇಲಕ್ಕೆ ಎದ್ದು ನಡುಗುತ್ತಿತ್ತು, ಸದ್ದಿಲ್ಲದೆ. ಸದ್ದು ಮಾಡಬಾರದೆಂದು ನಾವೇ ಕಲಿಸಿದ್ದೆವಲ್ಲ.

ಕಿರುಚಬೇಕೆನಿಸಿತು. ಓಡಬೇಕೆನಿಸಿತು. ಹೇಗೋ ಎರಡನ್ನೂ ಮಾಡಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅದನ್ನು ಅಲ್ಲಾಡಿಸಿ, ಎಲ್ಲಿತ್ತೋ ಆ ದನಿ, "ಮೇಷ್ಟ್ರೇ, ಬನ್ನಿ ಬನ್ನಿ," ಎಂದು ಕರೆದೆ. ಅವರು ಮಗುವಿನಡಿಯಿಂದ ಮೆಲ್ಲಗೆ ಜಾರಿಕೊಂಡು ಎದ್ದು ಬಂದರು. ತುಂತುರು ತಟ್ಟಂತ ನೆಲದ ಮೇಲೆ ಕೂತಳು. ಅವರು ನನ್ನ ಹತ್ತಿರ ನಿಂತು ನೀರಿನಿಂದೆದ್ದು ಬಂದವರ ಹಾಗೆ ಮೈ ಒದರಿಕೊಂಡರು. ಅಷ್ಟೇ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಕ್ಕಾ, ಆದರೂ ನಾನು ಅಲ್ಲೇ ಕುಸಿದು ಕೂತು ಅತ್ತೆ. ರೇಡಿಯೋದವರು ಪಾಪ, ಮಗುವನ್ನೆತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

ಇವರು ಕೇಳಿಸಿಕೊಂಡು ಒಂದೇ ಮಾತು ಹೇಳಿದರು, "ಭಾನುವಾರ ಡಿಪೋಗೆ." ನಾನು ಎದುರಾಡಲಿಲ್ಲ.

ಇನ್ನೊಂದು ಮಾತು. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೀನು ನನ್ನನ್ನು ಕೇಳಲಿಲ್ಲ. ಸೂಟ್‌ಕೇಸ್ ಕೆಳಗಿಟ್ಟು ಹಗ್ಗ ಕೈಗಿಟ್ಟೆ. ಕೈಯಲ್ಲಿ ಕೂಸು, ಮೇಜಿನ ಮೇಲೆ ಚಾಕು, ಕೆಳಗೆ ಅಂಗಡಿ. ಇವಳಿಗೆ ಆಗುತ್ತದಾ ಎಂದು ಒಂದು ಮಾತು ಕೇಳಲಿಲ್ಲ. ನಾನು "ಆಗಲಿ" ಅಂದೆ, ನಿಜ. ಅನ್ನುವಾಗ ನನ್ನ ಮುಖ ಹೇಗಿತ್ತೆಂದು ನೀನು ನೋಡಿದೆಯಾ? ಮೋಡ ಓದುವವಳು ನೀನು.

ತಂಗಿ


೨೬ ಏಪ್ರಿಲ್

ತಂಗೀ,

ನೋಡಲಿಲ್ಲ. ದೋಣಿಯ ಹೊತ್ತಾಗಿತ್ತು, ಗಡಿಯಾರ ನೋಡುತ್ತಿದ್ದೆ.

ನೀನು ಬೈದು ಬರೆದದ್ದನ್ನು ಮೂರು ಸಲ ಓದಿದೆ. ನಿನ್ನ ಕೈಯಿಂದ ನನಗೆ ಬಂದ ಮೊದಲ ಬೈಗುಳ ಅದು, ಜೋಪಾನವಾಗಿ ಎತ್ತಿಟ್ಟಿದ್ದೇನೆ. ನಗಬೇಡ, ನಿಜವಾಗಿಯೂ ಹೊಟ್ಟೆ ತಣ್ಣಗಾಯಿತು.

ಮೇಷ್ಟ್ರು ಬೇಡವೆಂದರೆ ಬೇಡ. ಇದು ಮುಟ್ಟುವಾಗ ಭಾನುವಾರ ದಾಟಿರುತ್ತದೆಂದು ಗೊತ್ತು, ಆದರೂ ಡಿಪೋಗೆ ಮಾತ್ರ ಕಳಿಸಬೇಡ, ಕಳಿಸಿದ್ದರೆ ಬಿಡಿಸಿಕೊಂಡು ಬಾ. ಒಂದು ಮಾತು ಹೇಳಿ ಕಳಿಸು, ಕೆಲಸ ಬಿಟ್ಟು ಮುಂದಿನ ದೋಣಿಗೆ ಬಂದು ಕರೆದುಕೊಂಡು ಹೋಗುತ್ತೇನೆ. ರಾಜೀನಾಮೆ ಬರೆದು ಮೇಜಿನ ಮೇಲಿಟ್ಟಿದ್ದೇನೆ. ಗಾಳಿಗೆ ಹಾರಬಾರದೆಂದು ಅದರ ಮೇಲೊಂದು ಶಂಖ ಇಟ್ಟಿದ್ದೇನೆ.

ಇಟ್ಟುಕೊಳ್ಳುವ ಮನಸ್ಸಿದ್ದರೆ ನನಗೆ ತೋಚಿದ್ದಿಷ್ಟು. ಮೊದಲು ಪ್ರಾಣಿವೈದ್ಯರಿಗೆ ಆ ಸೊಂಟ ತೋರಿಸು. ಮೊದಲ ಗುರ್ ಬಂದದ್ದೂ ಅಲ್ಲಿ ಬಿದ್ದಾಗ, ಮೊನ್ನೆ ಅವಳು ಮೊಣಕಾಲೂರಿದ್ದೂ ಅಲ್ಲೇ. ನೋವಿರಬೇಕು. ಹೇಳಿಕೊಳ್ಳಲು ಬಾಯಿಲ್ಲದವರ ನೋವು ಸಿಟ್ಟಿನ ಹಾಗೆ ಕಾಣುತ್ತದೆ.

ಇನ್ನೊಂದು, ಅವರಿಗೊಂದು ದ್ವೀಪ ಮಾಡಿಕೊಡು. ತಮಾಷೆಯಲ್ಲ. ಯಾರೂ ಓಡಾಡದ ಮೂಲೆಯಲ್ಲಿ ಒಂದು ಕಂಬಳಿ ಹಾಸು. ಆ ಕಂಬಳಿ ಅವರ ದ್ವೀಪ, ಸುತ್ತಲೂ ಸಮುದ್ರ. ಅಲ್ಲಿಗೆ ಯಾವ ದೋಣಿಯೂ ಹೋಗುವಂತಿಲ್ಲ, ತುಂತುರುವಿನದೂ ಇಲ್ಲ, ನಿಮ್ಮವರದೂ ಇಲ್ಲ. ಮೇಷ್ಟ್ರಿಗೆ ಮನಸ್ಸು ಬಂದರೆ ಅವರೇ ಈಜಿ ಬರುತ್ತಾರೆ. ಅವರು ಉಣ್ಣುವಾಗ, ಮಲಗಿದಾಗ ಸಮುದ್ರದಲ್ಲಿ ಬಿರುಗಾಳಿ, ದೋಣಿ ಬಂದ್. ಇಲ್ಲಿ ಕೂತವಳಿಗೆ ಒಂದು ವಿಷಯ ಗೊತ್ತಾಗಿದೆ. ಯಾರೂ ಬರಲಾರದ ಜಾಗ ಒಂದಿದ್ದರೆ ಯಾರಾದರೂ ಬರಲಿ ಎಂದು ತಾನಾಗಿಯೇ ಅನಿಸುತ್ತದೆ.

ನಿನಗೆ ಆಗುತ್ತದಾ? ಕೇಳುತ್ತಿದ್ದೇನೆ.

ಅಕ್ಕ


೨೦ ಮೇ

ಅಕ್ಕಾ,

ನಿನ್ನ ಕಾಗದ ಬರುವ ಮೊದಲೇ, ಆ ಭಾನುವಾರ ಇವರು ಮೇಷ್ಟ್ರನ್ನು ಕರೆದುಕೊಂಡು ಡಿಪೋಗೆ ಹೊರಟೇ ಹೊರಟರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಮೇಷ್ಟ್ರು ವಾಕಿಂಗ್ ಎಂದುಕೊಂಡು ಬಾಲವೆತ್ತಿ ಹೋದರು. ಅದನ್ನು ನೋಡಲಾಗಲಿಲ್ಲ. ನಾನು ಮಗುವನ್ನೆತ್ತಿಕೊಂಡು, ಮೇಷ್ಟ್ರು ಉಳಿಸಿದ್ದ ಆ ಒಂದೇ ಚಪ್ಪಲಿಯಲ್ಲಿ, ಬೀದಿಯ ತಿರುವಿನವರೆಗೆ ಓಡಿದೆ.

"ಬೇಡ," ಅಂದೆ. ಇವರು ನಿಂತು ನನ್ನನ್ನೇ ನೋಡಿದರು.

"ಏನು ಬೇಡ?"

"ಡಿಪೋ ಬೇಡ. ನಾವು ಬಾಯಿ ಮುಚ್ಚಿಸಿದ್ವಿ, ಅವರದೇನು ತಪ್ಪು? ನನಗೊಂದು ತಿಂಗಳು ಕೊಡಿ. ಒಂದು ಗೇಟ್ ಮಾಡ್ಕೊಡಿ."

ಮದುವೆಯಾದ ಮೇಲೆ ಇವರಿಗೆ ನಾನು ಬೇಡ ಅಂದದ್ದು ಅದೇ ಮೊದಲು. ಇವರಿಗೆ ಅದು ಎಷ್ಟು ಹೊಸದಾಗಿತ್ತೆಂದರೆ ವಾದ ಮಾಡುವುದನ್ನೇ ಮರೆತರು. ತಿರುಗಿ ಮನೆಗೆ ಬಂದು, ಅಂಗಡಿಯಲ್ಲಿ ಉಳಿದಿದ್ದ ಚೌಕಟ್ಟಿನ ಪಟ್ಟಿಗಳನ್ನೆಲ್ಲ ಜೋಡಿಸಿ ಸಂಜೆಯೊಳಗೆ ಗೇಟು ಬಡಿದರು. ಪೂರ್ತಿ ಹೊಂಬಣ್ಣ, ಅಂಚಿನಲ್ಲಿ ಬಳ್ಳಿ, ಹೂವು. ಅರಮನೆಗೂ ಅಂಥ ಗೇಟು ಇರಲಾರದು. ನಡುಮನೆ ಎರಡು ಭಾಗವಾಗಿದೆ. ನಾನು ಜೊತೆಗಿಲ್ಲದಿದ್ದಾಗ ಗೇಟು ಮುಚ್ಚಿರುತ್ತದೆ. ನೀರು ಕುಡಿದು ಬರುವಷ್ಟು ಹೊತ್ತಿಗೂ ಮುಚ್ಚಿರುತ್ತದೆ. ಆಚೆ ಬದಿಯ ಮೂಲೆಯಲ್ಲಿ ನೀಲಿ ಕಂಬಳಿ, ಅದೇ ದ್ವೀಪ. ಮೇಷ್ಟ್ರು ಗೇಟಿನ ಹಿಂದೆ ನೆಟ್ಟಗೆ ಕೂತರೆ ಯಾರದೋ ಮನೆಯ ಮುತ್ತಾತ ಗೋಡೆಯಿಂದಿಳಿದು ಚೌಕಟ್ಟಿನ ಸಮೇತ ಬಂದ ಹಾಗಿರುತ್ತದೆ. ಅಂಗಡಿಯ ಗಿರಾಕಿಯೊಬ್ಬರು ಕೈಮುಗಿದೇ ಬಿಟ್ಟರು.

ವೈದ್ಯರು ನೋಡಿದರು. ಸೊಂಟದ ಕೀಲು ಸವೆದಿದೆಯಂತೆ. ಔಷಧಿ ಕೊಟ್ಟಿದ್ದಾರೆ. "ಪಾಪ, ಇಷ್ಟು ದಿನ ಹೇಗ್ ತಡ್ಕೊಂಡಿತ್ತೋ," ಅಂದರು. ಇವರು ಮನೆಗೆ ಬಂದು ಆ ಸುತ್ತಿದ ಪೇಪರನ್ನು ಬಿಚ್ಚಿ, ಇಸ್ತ್ರಿ ಮಾಡಿದ ಹಾಗೆ ಕೈಯಲ್ಲಿ ಸವರಿ, ಗಾಜು ಒರೆಸುವ ಕಾಗದಗಳ ಜೊತೆ ಇಟ್ಟರು.

ತುಂತುರುವಿಗೆ ದ್ವೀಪದಾಟ ಪ್ರಾಣ. ದಿಂಬು ಅವಳ ದೋಣಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅವಳು ದಿಂಬಿನ ಮೇಲೆ ಕೂತು "ಮೇಟ್ರೇ, ಬತ್ತೀಲಾ?" ಎಂದು ಕರೆದು ಕಾಯುತ್ತಾಳೆ. ಮೊದಮೊದಲು ಅವರು ಬರಲೇ ಇಲ್ಲ. ಈಗ ಬರುತ್ತಾರೆ, ಅವಳ ಕೈಯನ್ನು ನಾನು ಹಿಡಿದುಕೊಂಡು ಕುತ್ತಿಗೆಯ ಪಕ್ಕ ಮೆಲ್ಲಗೆ ಸವರಿಸುತ್ತೇನೆ. ಕೈ ತೆಗೆದು ನೋಡುತ್ತೇವೆ. ಇನ್ನೂ ಬೇಕೆಂದರೆ ಅವರೇ ಒತ್ತಿಕೊಂಡು ನಿಲ್ಲುತ್ತಾರೆ, ಸಾಕೆಂದರೆ ದ್ವೀಪಕ್ಕೆ ಹೊರಟುಹೋಗುತ್ತಾರೆ. ನಿದ್ದೆಯಲ್ಲಿ ಅವರ ಕಾಲು ಆಡುವುದನ್ನು ಗೇಟಿನ ಈಚೆ ಕೂತು ಅಮ್ಮ ಮಗಳು ಇಬ್ಬರೂ ನೋಡುತ್ತೇವೆ. ಎಲ್ಲಿಗೋ ಓಡುತ್ತಿರುತ್ತಾರೆ, ಅಲ್ಲಿ ಅವರಿಗೆ ಸೊಂಟ ನೋಯುವುದಿಲ್ಲ. "ಶ್," ಅನ್ನುತ್ತಾಳೆ ತುಂತುರು, "ಮೇಟ್ರು ಕನಸು."

ಆದರೆ ಅಕ್ಕಾ, ಗುರ್ ಮಾತ್ರ ಬರಲೇ ಇಲ್ಲ. ಅವರಿಗೆ ಸಾಕಾದದ್ದು ಈಗ ನನಗೆ ಕಾಣುತ್ತದೆ, ಕಂಡ ಕೂಡಲೇ ಮಗುವನ್ನು ಈಚೆ ಕರೆಯುತ್ತೇನೆ. ಆದರೂ ಎಂದಾದರೂ ನನಗೆ ಕಾಣದೇ ಹೋದರೆ? ಅವರು ಅನ್ನಲಾರರಲ್ಲ ಎಂಬುದೇ ನನ್ನ ಹೆದರಿಕೆ. ಕಿತ್ತುಕೊಂಡದ್ದನ್ನು ವಾಪಸ್ ಕೊಡುವುದು ಹೇಗೆ?

ರಾಜೀನಾಮೆ ಹರಿದುಹಾಕು. ಶಂಖ ತುಂತುರುವಿಗೆ ಬೇಕಂತೆ.

ನಿನ್ನ,
ತಂಗಿ


೪ ಜೂನ್

ತಂಗೀ,

ಹರಿದೆ. ಚೂರುಗಳನ್ನು ಗಾಳಿಗೆ ಬಿಟ್ಟೆ, ಹಕ್ಕಿಗಳು ಗೂಡಿಗೆ ಒಯ್ದವು. ಶಂಖ ಈ ದೋಣಿಯಲ್ಲಿ ಬರುತ್ತಿದೆ.

ಹೇಗೆ ವಾಪಸ್ ಕೊಡುವುದೆಂದು ನನಗೂ ಗೊತ್ತಿಲ್ಲ. ಹೇಳಿದ್ದನ್ನು ಕೇಳುವವರಿದ್ದಾರೆ ಎಂದು ಅವರಿಗೆ ನಂಬಿಕೆ ಬರಬೇಕು. ಅವರು ಮುಖ ತಿರುಗಿಸಿದಾಗಲೆಲ್ಲ ನೀನು ಕೇಳಿಸಿಕೊಳ್ಳುತ್ತಾ ಹೋಗು. ಇವತ್ತು ಇಡೀ ದಿನ ಮೋಡ ಕೆಳಗಿಳಿದು ದ್ವೀಪವೇ ಕಾಣಿಸಲಿಲ್ಲ. ಬಲೂನನ್ನು ಬಿಳಿಯೊಳಕ್ಕೆ ಬಿಟ್ಟೆ. ಕೈಯಿಂದ ಹೋದದ್ದು ಮಾತ್ರ ಗೊತ್ತಾಯಿತು, ಏರಿದ್ದು ಕಾಣಲಿಲ್ಲ. ಆದರೂ ಆಮೇಲೆ ಅದರ ಪೆಟ್ಟಿಗೆ ಮೇಲಿಂದ ಅಂಕಿ ಕಳಿಸುತ್ತಲೇ ಇತ್ತು.

ಅಕ್ಕ


೧೧ ಆಗಸ್ಟ್

ಅಕ್ಕಾ, ಅಕ್ಕಾ,

ಇವತ್ತು ಮೇಷ್ಟ್ರು ಗುರ್ ಎಂದರು!

ತಡಿ, ಕ್ರಮವಾಗಿ ಹೇಳುತ್ತೇನೆ. ನಾನು ಪಕ್ಕದಲ್ಲೇ ಇದ್ದೆ. ಇವರು ಗೇಟಿನ ಕೀಲಿಗೆ ಎಣ್ಣೆ ಹಾಕುತ್ತಿದ್ದರು. ತುಂತುರು ದೋಣಿ ಬಿಟ್ಟು, ನಾನು ಕೈ ಚಾಚುವಷ್ಟರಲ್ಲಿ, ಒಂದು ಕಾಲನ್ನು ಕಂಬಳಿಯ ಮೇಲೆ ಇಟ್ಟೇಬಿಟ್ಟಳು. ಮೇಷ್ಟ್ರು ತಲೆಯೆತ್ತಿದರು. ಆಮೇಲೆ ಬಂತು, ಬಹಳ ಕೆಳಗಿನಿಂದ, ಬಹಳ ದಿನ ಬೀಗ ಹಾಕಿದ್ದ ಕೋಣೆಯ ಬಾಗಿಲು ತೆರೆದಂಥ ದನಿ. ಗುರ್ರ್. ಅಂದವರೇ ತಕ್ಷಣ ಕಿವಿ ಹಿಂದಕ್ಕೆ ಮಡಿಸಿ, ಕಣ್ಣು ಮುಚ್ಚಿ, ನೆಲಕ್ಕೆ ಅಂಟಿಕೊಂಡರು. ಏಟಿಗೆ ಕಾಯುತ್ತಿದ್ದರು ಅಕ್ಕಾ.

ಯಾರೂ ಹೊಡೆಯಲಿಲ್ಲ. ಇವರು ಎಣ್ಣೆ ಡಬ್ಬಿ ಕೆಳಗಿಟ್ಟು, ಸಣ್ಣ ದನಿಯಲ್ಲಿ, "ಸರಿ ಮೇಷ್ಟ್ರೇ. ಕೇಳಿಸ್ತು," ಅಂದರು. ಇವರ ಕಣ್ಣಲ್ಲಿ ನೀರಿತ್ತು, ಎಣ್ಣೆ ಸಿಡಿಯಿತು ಎಂದರು. ನಾನು ಕೈ ಹಿಡಿಯುವ ಮೊದಲೇ ತುಂತುರು ಕಾಲು ಹಿಂದಕ್ಕೆ ತೆಗೆದುಕೊಂಡು ದಿಂಬಿನ ಮೇಲೆ ಕೂತಳು. "ಮೇಟ್ರಿಗೆ ಸಾಕಂತೆ," ಎಂದು ನಮಗೆ ತಿಳಿಸಿದಳು. ಮೇಷ್ಟ್ರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು.

ಇಷ್ಟಕ್ಕೇ ಮುಗಿಯಲಿಲ್ಲ. ಸಂಜೆ ನಮ್ಮ ಅತ್ತಿಗೆ, ಇವರ ಅಕ್ಕ, ಬಂದಿದ್ದರು. ಅವರ ಕೈ ನಿನಗೆ ಗೊತ್ತು, ಕೆನ್ನೆ ಹಿಂಡಿದರೆ ಮೂರು ದಿನ ಗುರುತು. ತುಂತುರುವನ್ನು ಹಿಡಿದು ಹಿಂಡಲು ಶುರುಮಾಡಿದರು. ಅವಳು ಮುಖ ತಿರುಗಿಸಿದಳು. ಅವರು ಬಿಡಲಿಲ್ಲ. ಆಗ ನನ್ನ ಮಗಳು, ಮೂಗು ಸುಕ್ಕಿಸಿ, ಪುಟ್ಟ ಹಲ್ಲು ತೋರಿಸಿ, ಗುರ್ರ್ ಅಂದಳು.

"ಏನೇ ಇದು, ಹೀಗಾ ಮಗು ಬೆಳೆಸೋದು?" ಎಂದರು ಅತ್ತಿಗೆ. "ಛೀ, ದೊಡ್ಡವರಿಗೆ ಹಾಗನ್ನಬಾರ್ದು" ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ನಮ್ಮಮ್ಮ ನನಗೆ ಹೇಳುತ್ತಿದ್ದ ಅದೇ ಮಾತು. ನುಂಗಿಕೊಂಡೆ.

"ಅವಳಿಗೆ ಸಾಕಂತೆ ಅತ್ತಿಗೆ," ಅಂದೆ. "ಬಿಟ್ಬಿಡಿ. ಕರೆದರೆ ಅವಳೇ ಬರ್ತಾಳೆ."

ಚಹಾ ಮುಗಿಯುವ ಹೊತ್ತಿಗೆ ಅವಳೇ ಹೋಗಿ ಅವರ ಮಡಿಲಲ್ಲಿ ಕೂತಳು.

ನಿನ್ನ,
ತಂಗಿ


೨ ನವೆಂಬರ್

ತಂಗೀ,

ಇಲ್ಲಿಯ ಕೆಲಸ ಇನ್ನೊಂದು ವರ್ಷ ಮುಂದುವರಿಸುತ್ತೀರಾ ಎಂದು ಕಚೇರಿಯಿಂದ ಕೇಳಿದ್ದಾರೆ. ನನಗೆ ಆಸೆಯಿದೆ. ಆದರೆ ಉತ್ತರ ಬರೆದಿಲ್ಲ.

ಈ ಸಲ ಕೇಳುತ್ತೇನೆ. ಮೇಷ್ಟ್ರನ್ನು ಇನ್ನೊಂದು ವರ್ಷ ನೀವು ಇಟ್ಟುಕೊಳ್ಳಲು ಆಗುತ್ತದಾ? ಆಗದಿದ್ದರೆ ಮಾರ್ಚಿಗೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ, ಬೇಸರವಿಲ್ಲ. "ಆಗಲಿ" ಎಂದು ಮಾತ್ರ ಬರೆಯಬೇಡ. ಅದು ಬಿಟ್ಟು ಬೇರೆ ಏನಾದರೂ ಬರಿ.

ಕಾಯುತ್ತಾ,
ಅಕ್ಕ


೧೩ ನವೆಂಬರ್

ಅಕ್ಕಾ,

ಇಲ್ಲ. ಇನ್ನೊಂದು ವರ್ಷಕ್ಕೆ ಆಗುವುದಿಲ್ಲ.

ಒಂದು ವರ್ಷ ಅಂದರೆ 'ಆಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ' ಎಂದಲ್ಲವೇ? ನಿನ್ನ ಕಾಗದವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಕರೆದುಕೊಂಡು ಹೋಗುವ ಮಾತು ಬಂದ ಕೂಡಲೇ ಈ ಮನೆಯಲ್ಲಿ ಮೂರು ಜನ ಗುರ್ ಎಂದರು. ಇವರೂ ಎಂದರು, ತುಂತುರುವೂ ಎಂದಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅಂದವಳು ನಾನು.

ಮೇಷ್ಟ್ರು ಮಾತ್ರ ಏನೂ ಅನ್ನಲಿಲ್ಲ. ದ್ವೀಪದಲ್ಲಿ ಮಲಗಿ ಕಾಲಾಡಿಸುತ್ತಾ ಎಲ್ಲಿಗೋ ಓಡುತ್ತಿದ್ದರು. ನಾವು ಎಬ್ಬಿಸಲಿಲ್ಲ.

ನಿನ್ನ,
ತಂಗಿ